ಆರನೇ ಬೆರಳು, ನಾಲ್ಕನೇ ಪೆಡಲು

"ಇದು ನಾಲ್ಕನೆಯದು" ಎಂದು ಸೀನ ಹೆಮ್ಮೆಯಿಂದ ಹೇಳಿದಾಗ ರಾಯರು ಮಗು ಎಂದೇ ತಿಳಿದರು.

"ಸಂತೋಷ ಕಣಪ್ಪ. ಈ ಕಾಲದಲ್ಲಿ ನಾಲ್ಕು ಅಂದರೆ ಎದೆಗಾರಿಕೆ ಬೇಕು."

"ಪೆಡಲ್ ರಾಯರೇ, ಗಿಟಾರಿನ ಪೆಡಲ್! ಕಾಲಲ್ಲಿ ಒತ್ತಿದರೆ ಸ್ವರ ಒಡೆದ ಹಾಗೆ ಕೇಳುತ್ತದೆ."

"ಒತ್ತದಿದ್ದರೆ?" ಎಂದ ವಿಶ್ವ.

"ನೆಟ್ಟಗೆ ಕೇಳುತ್ತದೆ."

"ಅಂದರೆ ನೆಟ್ಟಗಿರುವುದನ್ನು ಕೆಡಿಸಲು 12 ಸಾವಿರ. ಅದನ್ನು ನೀನು ಪುಕ್ಕಟೆಯಾಗಿಯೇ ಮಾಡುತ್ತಿದ್ದೆಯಲ್ಲೋ."

"ನಿನಗೆ ಟೋನ್ ಅಂದರೆ ಗೊತ್ತಿಲ್ಲ. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಸಂಗೀತ. ಶಿಕಾಗೋ ಬ್ಲೂಸಿನ ಟೋನ್ ಬರಬೇಕಾದರೆ ಗೇರ್ ಬೇಕು, ಸಲಕರಣೆ!"

ವಿಶ್ವ ಕಾಫಿ ಲೋಟ ಕೆಳಗಿಟ್ಟ. ಅರ್ಧ ಕುಡಿದ ಲೋಟ ಅವನು ಕೆಳಗಿಟ್ಟನೆಂದರೆ ನಮ್ಮ ಅರ್ಧ ಗಂಟೆ ಹೋಯಿತು ಎಂದೇ ಲೆಕ್ಕ.

"ಶಿಕಾಗೋ ಅಂದೆಯಲ್ಲ, ಹೌಂಡ್ ಡಾಗ್ ಟೇಲರ್ ಗೊತ್ತಾ?"

"ಯಾರ ಮನೆ ನಾಯಿ ಅದು?" ರಾಯರು ಕೇಳಿದರು.

"ಮನುಷ್ಯ ರಾಯರೇ, ಬ್ಲೂಸ್ ಗಿಟಾರ್ ನುಡಿಸುತ್ತಿದ್ದವನು. ಅಮೆರಿಕದ ಮಿಸಿಸಿಪ್ಪಿಯ ನ್ಯಾಚೆಜ್‌ನಲ್ಲಿ 1915ರಲ್ಲಿ ಹುಟ್ಟಿದವನು. ಮನೆಯಲ್ಲಿಟ್ಟ ಹೆಸರು ಥಿಯೋಡರ್ ರೂಸ್‌ವೆಲ್ಟ್ ಟೇಲರ್. ಸಾಕ್ಷಾತ್ ಅಮೆರಿಕದ ಅಧ್ಯಕ್ಷರ ಹೆಸರು. ಹೆಂಗಸರನ್ನು ಕಂಡರೆ ಮೂಸಿಕೊಂಡು ಹೋಗುತ್ತಾನೆ ಅಂತ ಗೆಳೆಯರು ಹೌಂಡ್ ಡಾಗ್, ಅಂದರೆ ಬೇಟೆನಾಯಿ, ಅಂದರಂತೆ. ಅಧ್ಯಕ್ಷರು ಹೋದರು, ನಾಯಿ ಉಳಿಯಿತು."

"ಅವನ ಗಿಟಾರ್ ಯಾವುದು?" ಸೀನನಿಗೆ ಅದೇ ಚಿಂತೆ.

"ತಾಳು. ಮೊದಲು ಬೆರಳಿನ ಕತೆ. ಅವನಿಗೆ ಒಂದೊಂದು ಕೈಗೂ ಆರಾರು ಬೆರಳು."

ಸೀನನ ಮುಖ ಕಪ್ಪಿಟ್ಟಿತು. "ಮೋಸ! ಅದಕ್ಕೇ ಅಷ್ಟು ಚೆನ್ನಾಗಿ ನುಡಿಸಿದ್ದಾನೆ. ಆರನೇ ಬೆರಳು ನಾನೆಲ್ಲಿಂದ ತರಲಿ?"

"ಆನ್‌ಲೈನಲ್ಲಿ ಬಂದರೆ ನೀನೇ ಮೊದಲು ತರಿಸುತ್ತೀಯ, ಅದೂ ಕಂತಿನಲ್ಲಿ. ಆ ಆರನೆಯದು ಸುಮ್ನೆ ಒಂದು ಮೊಳಕೆ ಕಣೋ. ಅಲ್ಲಾಡುತ್ತಲೂ ಇರಲಿಲ್ಲ. ಒಂದು ರಾತ್ರಿ ಕುಡಿದ ಮತ್ತಿನಲ್ಲಿ ಬಲಗೈಯದನ್ನು ಕ್ಷೌರದ ಕತ್ತಿಯಿಂದ ಕೊಯ್ದು ಹಾಕಿಬಿಟ್ಟ."

"ರಾಮ ರಾಮ!" ರಾಯರು ತಮ್ಮ ಬೆರಳನ್ನು ಮಡಿಸಿಕೊಂಡರು.

"ಕೆಲಸಕ್ಕೆ ಬಾರದ್ದು ಅಂತ ಅವನು ಬೆರಳನ್ನೇ ತೆಗೆದ. ಇವನ ಕೈಯಲ್ಲಿ ಒಂದು ಪೆಡಲ್ ತೆಗೆಸಿ ನೋಡೋಣ."

"ವಿಷಯಕ್ಕೆ ಬಾ" ಎಂದ ಸೀನ.

"ಬಂದೆ. 1942ರಲ್ಲಿ ಅವನು ಶಿಕಾಗೋ ಸೇರಿದ. ಮರುವರ್ಷ ಬ್ಲೂಸಿನ ಇನ್ನೊಬ್ಬ ದೊಡ್ಡ ಹೆಸರು, ಮಡ್ಡಿ ವಾಟರ್ಸ್ ಬಂದ. ದಕ್ಷಿಣದಿಂದ ಕಪ್ಪು ಜನ ಕೆಲಸ ಹುಡುಕಿಕೊಂಡು ರೈಲು ರೈಲೇ ಬಂದ ಕಾಲ ಅದು. ಸಂಜೆಯಾದರೆ ಬಾರುಗಳಲ್ಲಿ ಸಂತೆ. ಊರಿನಿಂದ ತಂದ ಮರದ ಗಿಟಾರು ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು? ಕರೆಂಟಿಗೆ ಸಿಕ್ಕಿಸಿದರು. ಅವರು ಟೋನ್ ಹುಡುಕಿಕೊಂಡು ಹೋಗಲಿಲ್ಲ ಸೀನ. ಸದ್ಯ, ಕಿವಿಗೆ ಬಿದ್ದರೆ ಸಾಕು ಅಂತ ಹೋದರು."

"ಗಿಟಾರ್ ಯಾವುದು ಅಂದೆ."

"ಜಪಾನಿನ ಅಗ್ಗದ ಗಿಟಾರು. ಬೆರಳಿಗೊಂದು ಲೋಹದ ಕೊಳವೆ. ನಮ್ಮ ಗೋಟುವಾದ್ಯದಲ್ಲಿ ತಂತಿಯ ಮೇಲೆ ಜಾರಿಸುವುದಿಲ್ಲವೇ, ಹಾಗೆ. ಆಂಪ್ಲಿಫೈಯರಿನ ಸ್ಪೀಕರು ಒಡೆದಿತ್ತು. ನೀನು 12 ಸಾವಿರ ಕೊಟ್ಟು ತಂದ ಒಡಕು ಅವನಿಗೆ ಹಾಗೇ ಬಂದಿತ್ತು!"

ರಾಯರು ನಕ್ಕು ಕಾಫಿ ಚೆಲ್ಲಿಕೊಂಡರು. ಸೀನ ನಗಲಿಲ್ಲ.

"ತಂಡದಲ್ಲಿ ಮೂರೇ ಜನ" ವಿಶ್ವ ಮುಂದುವರಿಸಿದ. "ಇವನು, ಇನ್ನೊಂದು ಗಿಟಾರಿಗೆ ಬ್ರೂವರ್ ಫಿಲಿಪ್ಸ್, ಡ್ರಮ್ಮಿಗೆ ಟೆಡ್ ಹಾರ್ವಿ. ಮಂದ್ರಸ್ವರದ ಬೇಸ್ ಗಿಟಾರೇ ಇಲ್ಲ, ಆ ಕೆಲಸವನ್ನೂ ಫಿಲಿಪ್ಸೇ ಮಾಡುತ್ತಿದ್ದ. ಭಾನುವಾರ ಫ್ಲಾರೆನ್ಸಸ್ ಅನ್ನುವ ಬಾರಿನಲ್ಲಿ ನುಡಿಸುತ್ತಿದ್ದರು. ಬ್ರೂಸ್ ಇಗ್ಲಾವರ್ ಅಂತ ಒಬ್ಬ ಹುಡುಗ ಕೇಳಿ ಮರುಳಾದ. ರೆಕಾರ್ಡ್ ಕಂಪನಿಯಲ್ಲಿ ಪಾರ್ಸೆಲ್ ಕಟ್ಟುವ ಗುಮಾಸ್ತ. ಧಣಿಗೆ ದುಂಬಾಲು ಬಿದ್ದ, ಇವರ ರೆಕಾರ್ಡ್ ಮಾಡಿ ಅಂತ. ಧಣಿ ಒಲ್ಲೆ ಅಂದ. ಸರಿ, ಪಿತ್ರಾರ್ಜಿತವಾಗಿ ಬಂದ 2,500 ಡಾಲರ್ ಸುರಿದು, 1971ರಲ್ಲಿ ತಾನೇ ಕಂಪನಿ ತೆಗೆದ. ಎರಡು ರಾತ್ರಿಯಲ್ಲಿ ರೆಕಾರ್ಡಿಂಗ್ ಮುಗಿಯಿತು. 1,000 ಪ್ರತಿ. ಕಾರಿನಲ್ಲಿ ತುಂಬಿಕೊಂಡು ತಾನೇ ಊರೂರು ತಿರುಗಿದ. ಸಂಗೀತ ಕೇಳುವಾಗ ಹಲ್ಲಲ್ಲಿ ಕಟಕಟ ತಾಳ ಹಾಕುವ ಅಭ್ಯಾಸ ಅವನಿಗೆ. ಅದಕ್ಕೇ ಕಂಪನಿಗೆ ಆಲಿಗೇಟರ್ ಅಂತ ಹೆಸರು."

"ನಾಯಿ ಆಯಿತು, ಮೊಸಳೆ ಬಂತು" ಎಂದರು ರಾಯರು.

"ಮೊಸಳೆ ಇನ್ನೂ ಇದೆ ರಾಯರೇ. ನಾಯಿ ಹಾಕಿದ ಅನ್ನ."

ಸೀನ ಅಷ್ಟರಲ್ಲಿ ಫೋನ್ ಒತ್ತುತ್ತಿದ್ದ. "ಆ ಜಪಾನಿ ಗಿಟಾರ್ ಈಗ ಸಿಗುತ್ತದಾ?"

"ಸಿಗುತ್ತದೆ. ವಿಂಟೇಜ್ ಅಂತ, ಟೇಲರ್ ಹೆಸರು ಹೇಳಿಯೇ ಮಾರುತ್ತಾರೆ. ಅಗ್ಗ ಅಂತ ಅವನು ತೆಗೆದುಕೊಂಡದ್ದನ್ನು, ಅವನು ತೆಗೆದುಕೊಂಡಿದ್ದ ಅಂತ ದುಬಾರಿ ಮಾಡಿದ್ದಾರೆ."

"ಒಂದು ತರಿಸಲಾ?"

"ತರಿಸು. ಐದನೆಯದಕ್ಕೆ ತೊಟ್ಟಿಲು ನಾನು ಕೊಡುತ್ತೇನೆ" ಎಂದರು ರಾಯರು.

ನಾನು ಸುಮ್ನೆ ಇರಲಾರದೆ ಕೇಳಿದೆ, "ಆಮೇಲೆ ಟೇಲರ್ ದುಡ್ಡು ಮಾಡಿದನಾ?"

"ಎಲ್ಲಿ? ಹೆಸರು ಬಂದಾಗ 56 ವರ್ಷ. ಬದುಕಿದ್ದಾಗ ಆ ಕಂಪನಿಯಿಂದ ಬಂದದ್ದು ಎರಡೇ ಆಲ್ಬಂ. ನಾನು ಸತ್ತ ಮೇಲೆ ಜನ ಹೇಳುತ್ತಾರೆ, ಅವನಿಗೆ ನುಡಿಸಲು ಮಣ್ಣೂ ಬರುತ್ತಿರಲಿಲ್ಲ, ಆದರೆ ಕೇಳಲು ಮಾತ್ರ ಸೊಗಸಾಗಿತ್ತು ಅಂತ, ಎನ್ನುತ್ತಿದ್ದನಂತೆ."

"ಸೀನನ ಬಗ್ಗೆ ಮೊದಲರ್ಧ ಈಗಲೇ ಹೇಳುತ್ತಾರೆ" ಎಂದರು ರಾಯರು.

ವಿಶ್ವ ಈ ಸಲ ನಗಲಿಲ್ಲ. "ಅವನಿಗೂ ಫಿಲಿಪ್ಸ್‌ಗೂ ದಿನಾ ಜಗಳ. ನಮ್ಮ ಹಾಗೆ ಅಂತಿಟ್ಟುಕೊಳ್ಳಿ, ಸ್ವಲ್ಪ ಜಾಸ್ತಿ. 1975ರಲ್ಲಿ ಮಾತಿಗೆ ಮಾತು ಬೆಳೆಯಿತು. ಟೇಲರ್ ಬಂದೂಕು ತೆಗೆದು ಫಿಲಿಪ್ಸ್ ಮೇಲೆ ಹಾರಿಸಿಯೇಬಿಟ್ಟ. ಗಾಯವಾಯಿತು, ಜೀವ ಉಳಿಯಿತು. ಕೇಸಾಯಿತು. ವಿಚಾರಣೆಗೆ ಮೊದಲೇ ಟೇಲರ್‌ಗೆ ಶ್ವಾಸಕೋಶದ ಕ್ಯಾನ್ಸರು. ಮಲಗಿದವನಿಗೆ ಒಂದೇ ಆಸೆ, ಫಿಲಿಪ್ಸ್ ಒಮ್ಮೆ ಬರಲಿ ಅಂತ."

"ಬಂದನಾ?"

"ಆಸ್ಪತ್ರೆಗೆ ಹೋದ. ಆದದ್ದಾಯಿತು ಬಿಡು ಅಂದ. ಡಿಸೆಂಬರ್ 17ಕ್ಕೆ ಟೇಲರ್ ಹೋದ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ವಿಶ್ವನ ಕಾಫಿ ಆರಿ ಕೆನೆ ಕಟ್ಟಿತ್ತು.

"ನೀನು ನನ್ನ ಮೇಲೆ ಗುಂಡು ಹಾರಿಸಿದರೂ ನಾನು ನೋಡಲು ಬರುತ್ತೇನೆ ಕಣೋ" ಎಂದ ಸೀನ, ಮೆತ್ತಗೆ.

ವಿಶ್ವ ಅವನ ಮುಖ ನೋಡಿದ. "ನಿಜವಾಗಲೂ?"

"ನಿಜ. ಗಿಟಾರ್ ತಂದು ನುಡಿಸುತ್ತೇನೆ."

"ಪೆಡಲ್?"

"ನಾಲ್ಕೂ."

"ಬೇಡ" ಎಂದ ವಿಶ್ವ. "ಕೇಸೇ ನಡೆಯಲಿ."