ಅಪ್‌ಡೇಟ್: ಎಲೆಕ್ಟ್ರಿಕ್ ಟೈಪ್‌ರೈಟರ್‌ನಲ್ಲಿ ಎರಡೇ ಅಕ್ಷರಗಳು ಮಸುಕಾಗುತ್ತಿದ್ದ ತೊಂದರೆ ಬಗೆಹರಿಯಿತು

ನನ್ನ ಹಳೆಯ ಎಲೆಕ್ಟ್ರಿಕ್ ಟೈಪ್‌ರೈಟರ್‌ನಲ್ಲಿ ‘ಎಂ’ ಮತ್ತು ‘ಎನ್’ ಮಾತ್ರ ಮಸುಕಾಗಿ ಮೂಡುತ್ತವೆ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಈಗ ಎರಡೂ ಸ್ಪಷ್ಟವಾಗಿ ಬೀಳುತ್ತಿವೆ.

ನೀವು ಕೊಟ್ಟ ಸಲಹೆಗಳಂತೆ ಒಂದೊಂದಾಗಿ ನೋಡಿದೆ. ರಿಬ್ಬನ್ ಬದಲಿಸಿದ್ದರಿಂದ ಪ್ರಯೋಜನವಾಗಲಿಲ್ಲ. ಹೊಡೆತದ ಬಲ ಹೆಚ್ಚಿಸಿದಾಗ ಆ ಎರಡು ಅಕ್ಷರಗಳು ಹಾಗೆಯೇ ಉಳಿದು, ಪೂರ್ಣವಿರಾಮವು ಕಾಗದವನ್ನೇ ತೂತು ಮಾಡಿತು. ಅಕ್ಷರದ ಚೆಂಡನ್ನು (ಎಲ್ಲ ಅಕ್ಷರಗಳೂ ಮೈಮೇಲೆ ಉಬ್ಬಿರುವ ಒಂದೇ ಗುಂಡು) ಪರೀಕ್ಷಿಸುವ ಸಲಹೆ 1961ರಲ್ಲಿ ಬಂದ ಐಬಿಎಂ ಸೆಲೆಕ್ಟ್ರಿಕ್‌ನಂಥ ಯಂತ್ರಗಳಿಗೆ ಸಲ್ಲುತ್ತದೆ. ನನ್ನದರಲ್ಲಿರುವುದು ಅಕ್ಷರದ ಕಡ್ಡಿಗಳು, ಅಂದರೆ ತುದಿಯಲ್ಲಿ ಅಕ್ಷರದ ಅಚ್ಚಿರುವ ಬಿಡಿ ಬಿಡಿ ತೋಳುಗಳು. ಫಲ ಕೊಟ್ಟದ್ದು ‘ರೋಲರ್ ಮತ್ತು ಕ್ಯಾಮ್ ನೋಡಿ’ ಎಂದವರ ಮಾತು (ರೋಲರ್ ಎಂದರೆ ಕಾಗದ ಸುತ್ತುವುದಲ್ಲ, ಯಂತ್ರದ ಒಳಗಿನದು; ಕ್ಯಾಮ್ ಎಂದರೆ ಹೊರಳುತ್ತ ಕೊಂಡಿಯನ್ನೆಳೆಯುವ ಬಿಡಿಭಾಗ). ಅವರಿಗೆ ಮನಃಪೂರ್ವಕ ಕೃತಜ್ಞತೆಗಳು.

ಪ್ಲಗ್ ಕಿತ್ತು, ತಳದ ಮುಚ್ಚಳ ತೆಗೆದು, ರೋಲರನ್ನು ಕೈಯಿಂದ ತಿರುಗಿಸುತ್ತ ಒಂದೊಂದೇ ಕೀಲಿಯನ್ನು ಒತ್ತಿ ನೋಡಿದೆ. ಮೋಟಾರು ಸದಾ ತಿರುಗಿಸುತ್ತಿರುವ ಈ ರಬ್ಬರ್ ರೋಲರಿಗೆ, ಕೀಲಿ ಒತ್ತಿದೊಡನೆ ಬಿಡುಗಡೆಯಾಗುವ ಹಲ್ಲುಳ್ಳ ಪುಟ್ಟ ಕ್ಯಾಮ್ ಕಚ್ಚಿಕೊಂಡು ಹೊರಳುತ್ತದೆ; ಆ ಹೊರಳುವಿಕೆಯೇ ಕೊಂಡಿಯನ್ನೆಳೆದು ಕಡ್ಡಿಯನ್ನು ಕಾಗದದತ್ತ ಎಸೆಯುತ್ತದೆ. ನನ್ನ ಆ ಎರಡು ಕ್ಯಾಮ್‌ಗಳ ಹಲ್ಲುಗಳಲ್ಲಿ ರಬ್ಬರಿನ ಕಪ್ಪು ಪುಡಿ ತುಂಬಿತ್ತು, ಅವು ತಿರುಗುವ ಮೊಳೆಗಳಲ್ಲಿ ಹಳೆಯ ಎಣ್ಣೆ ಅಂಟಿನಂತೆ ಗಟ್ಟಿಯಾಗಿತ್ತು. ಸ್ಪಿರಿಟ್‌ನಲ್ಲಿ ಅದ್ದಿದ ಸಣ್ಣ ಬ್ರಷ್‌ನಿಂದ ಉಜ್ಜಿ, ಒಣಗಿದ ಮೇಲೆ ಮೊಳೆಗೆ ಮಾತ್ರ ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸಿದೆ. ರೋಲರಿಗೆ ಎಣ್ಣೆ ತಾಗಲೇಬಾರದು, ರಬ್ಬರ್ ಕೆಡುತ್ತದೆ.

ನನಗೆ ನಿಜಕ್ಕೂ ಅಚ್ಚರಿಯಾದದ್ದು ಇದು: ಬೆರಳಿನ ಬಲಕ್ಕೂ ಅಚ್ಚಿನ ಗಾಢತೆಗೂ ಸಂಬಂಧವೇ ಇಲ್ಲ. ಕಡ್ಡಿಯು ಕೊನೆಯ ಸ್ವಲ್ಪ ದೂರವನ್ನು ತನ್ನ ವೇಗದಿಂದಲೇ ಹಾರಿ ಕ್ರಮಿಸುತ್ತದೆ. ಆದ್ದರಿಂದ ಕ್ಯಾಮ್ ತುಸು ಜಾರಿದರೂ ಅಕ್ಷರ ಮಸುಕಾಗುತ್ತದೆ.