ಹಳೇ ವಿಎಚ್‌ಎಸ್ ಕ್ಯಾಸೆಟ್: ಮೂಲೆಯ ಲೋಗೋ ನೋಡಿ ವರ್ಷ ಹೇಳಬಹುದಾ?

ವಿನೋಬನಗರದ_ಮಗಳು
ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಅಪ್ಪನ ಬೀರುವಿನಲ್ಲಿ ಒಂದು ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿತು. ನಮ್ಮಮ್ಮ ಮತ್ತು ಅವರ ಗೆಳತಿಯರು ದೂರದರ್ಶನದಲ್ಲಿ ಸೋಬಾನೆ ಪದ ಹೇಳಿದ್ದು ಅದರಲ್ಲಿದೆ, ಹತ್ತು ನಿಮಿಷ ಅಷ್ಟೇ. ಅಮ್ಮ ಈಗಿಲ್ಲ. ಅಪ್ಪನಿಗೆ ವರ್ಷ ನೆನಪಿಲ್ಲ, "ನೀನು ಸಣ್ಣವಳಿದ್ದೆ" ಅಂತಾರೆ. ಚೀಟಿಯ ಮೇಲಿನ ಬರಹ ಪೂರ್ತಿ ಅಳಿಸಿಹೋಗಿದೆ. ಮೂಲೆಯಲ್ಲಿ ದೂರದರ್ಶನದ ಕಣ್ಣಿನ ಗುರುತು, ಪಕ್ಕದಲ್ಲಿ 9 ಅಂತ ಇದೆ. ಹಾಡು ಮುಗಿದ ಮೇಲೆ ಉದಯ ಟಿವಿಯ ಒಂದು ತುಣುಕು ಬರುತ್ತದೆ. ಇನ್ನೊಂದು ವಿಷಯ, ಲೋಗೋ ಪೂರ್ತಿ ಮೂಲೆಯಲ್ಲಿಲ್ಲ, ಸುಮಾರು ಒಳಗೆ ಸರಿದಿದೆ. ಕಂಪ್ಯೂಟರಿಗೆ ಹಾಕಿಕೊಟ್ಟ ಅಂಗಡಿಯವರು ಏನಾದರೂ ಕೆಡಿಸಿದರಾ?

ದುರ್ಗದ_ಕೇಬಲ್
ಇಲ್ಲ ಅಕ್ಕ, ಯಾರೂ ಕೆಡಿಸಿಲ್ಲ. ಹಳೇ ಡಬ್ಬಿ ಟಿವಿಗಳು ಚಿತ್ರದ ಅಂಚನ್ನು ಸುತ್ತಲೂ ಸ್ವಲ್ಪ ಮುಚ್ಚಿಬಿಡುತ್ತಿದ್ದವು, ಯಾವ ಟಿವಿಯಲ್ಲಿ ಎಷ್ಟು ಮುಚ್ಚುತ್ತದೆ ಅಂತ ಹೇಳೋಕಾಗುತ್ತಿರಲಿಲ್ಲ. ಅದಕ್ಕೇ ಚಾನೆಲ್ಲಿನವರು ಲೋಗೋವನ್ನು ಒಳಗೆ ಇಡುತ್ತಿದ್ದರು. ನಿಮ್ಮ ಮನೆಯ ಟಿವಿಯಲ್ಲಿ ಅದು ಮೂಲೆಗೇ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಪೂರ್ತಿ ಚಿತ್ರ ಕಾಣುತ್ತದಲ್ಲ, ಹಾಗಾಗಿ ಒಳಗೆ ಸರಿದ ಹಾಗೆ ಅನಿಸುತ್ತದೆ. ಚಿತ್ರದ ಕೆಳಗಡೆ ಒಂದು ಗೆರೆಯಷ್ಟು ಅಲುಗಾಡುವುದೂ ಕಾಣುತ್ತಿರಬೇಕು. ಅದೂ ವಿಎಚ್‌ಎಸ್‌ನಲ್ಲಿ ಮಾಮೂಲು, ಕತ್ತರಿಸಿ ಹಾಕಬೇಡಿ.

ಈಗ ವರ್ಷ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. 9 ಅಂತ ಇದ್ದರೆ ಅದು 90ರ ದಶಕದ ಮಾತು, ಆ ಚಾನೆಲ್ಲಿಗೇ ಚಂದನ ಅನ್ನೋ ಹೆಸರು ಬಂದಿದ್ದು ಅದಾದ ಮೇಲೆ. ಬರೀ ಕಣ್ಣು ನೋಡಿ ಏನೂ ಹೇಳೋಕಾಗುವುದಿಲ್ಲ, ಅದು 70ರ ದಶಕದಿಂದ ಇದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ವಿದ್ಯಾರ್ಥಿಯಾಗಿದ್ದ ದೇವಾಶಿಶ್ ಭಟ್ಟಾಚಾರ್ಯ ಬರೆದದ್ದು. ಪಕ್ಕದಲ್ಲಿ ಏನಿದೆ ಅನ್ನೋದೇ ಮುಖ್ಯ.

ಉದಯ ಶುರುವಾಗಿದ್ದು 1994ರ ಜೂನ್‌ನಲ್ಲಿ, ಅಂದರೆ ಆ ತುಣುಕು ಅದಕ್ಕಿಂತ ಹಿಂದಿನದ್ದಲ್ಲ. ಬೇರೆ ಕ್ಯಾಸೆಟ್‌ಗಳಿದ್ದರೆ ಇದನ್ನೂ ಬರೆದಿಟ್ಟುಕೊಳ್ಳಿ: ಈಟಿವಿ ಕನ್ನಡ ಅಂತ ಇದ್ದರೆ 2000ದ ಡಿಸೆಂಬರ್‌ನಿಂದ 2015ರ ಏಪ್ರಿಲ್ ಒಳಗೆ, ಆಮೇಲೆ ಅದು ಕಲರ್ಸ್ ಕನ್ನಡ ಆಯಿತು. ಸುವರ್ಣ 2007ರದ್ದು, ಸ್ಟಾರ್ ಸುವರ್ಣ ಅಂತಿದ್ದರೆ 2016ರಿಂದೀಚೆಗೆ.

ಬೋರ್ಡು_ಬರೆಯುವವ
ದುರ್ಗದಣ್ಣ ಹೇಳಿದ್ದು ಸರಿ, ಆದರೆ ಒಂದು ಮಾತು. ಉದಯದ ತುಣುಕು ಹಾಡಿನ ನಂತರ ಇದೆ ಅಂದ ಮಾತ್ರಕ್ಕೆ ಹಾಡು ಅದಕ್ಕಿಂತ ಹಳೇದೇ ಅಂತಲ್ಲ. ನಾವೆಲ್ಲ ಒಂದೇ ಕ್ಯಾಸೆಟ್ ಮೇಲೆ ಹತ್ತು ಸಲ ರೆಕಾರ್ಡ್ ಮಾಡಿದವರು, ಅಲ್ವಾ? ಅಮ್ಮನ ಹಾಡನ್ನು ಉದಯದ ಕಾರ್ಯಕ್ರಮದ ಮೇಲೇ ರೆಕಾರ್ಡ್ ಮಾಡಿರಬಹುದು. ಆ ತುಣುಕು ನಡುವಿನಿಂದ ಶುರುವಾಗಿದ್ದರೆ ಬಹುಶಃ ಹಾಗೇ ಆಗಿದೆ.

ಅಕ್ಷರದ ಬಗ್ಗೆಯೂ ಹೇಳುತ್ತೇನೆ, ನನ್ನ ಕೆಲಸವೇ ಅದು. ವಿಎಚ್‌ಎಸ್‌ನಲ್ಲಿ ಬಣ್ಣ ಪಕ್ಕಕ್ಕೆ ಹರಡುತ್ತದೆ, ಕೆಂಪಂತೂ ಜಾಸ್ತಿ. ಸಣ್ಣ ಅಕ್ಷರದಲ್ಲಿ ಮೊದಲು ಹೋಗುವುದು ಒತ್ತಕ್ಷರ. "ಚಂದನ", "ಉದಯ" ಇವಕ್ಕೆ ಒತ್ತೇ ಇಲ್ಲ, ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಎಷ್ಟು ಸವೆದ ಕ್ಯಾಸೆಟ್‌ನಲ್ಲೂ ಓದಬಹುದು. "ಕಸ್ತೂರಿ", "ಕನ್ನಡ" ಬರೆಯುವಾಗ ಒತ್ತಿಗೆ ಕೆಳಗೆ ಜಾಗ ಬೇಕು, ಆಗ ಉಳಿದ ಅಕ್ಷರ ಚಿಕ್ಕದಾಗುತ್ತದೆ. ಈಗಿನ ಎಷ್ಟೋ ಲೋಗೋಗಳಲ್ಲಿ ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಕನ್ನಡ ಅದರ ಕೆಳಗೆ ಪುಟ್ಟದಾಗಿ ಕೂತಿರುವುದು ನೋಡಿದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಕನ್ನಡ ಅಕ್ಷರದ ಉಬ್ಬು, ತಲೆಕಟ್ಟು ಇಟ್ಟುಕೊಂಡು ಎಷ್ಟು ಚೆಂದ ಬರೆಯಬಹುದು!

ಹಾಡಿನ ಭಾಗದಲ್ಲಿ ಕೆಳಗೆ ಕೇಬಲ್‌ನವರ ಜಾಹೀರಾತಿನ ಪಟ್ಟಿ ಓಡುತ್ತದಾ ನೋಡಿ.

ವಿನೋಬನಗರದ_ಮಗಳು
ನೋಡಿದೆ ಸರ್! ಉದಯದ ತುಣುಕು ಬೇರೊಂದು ಹಾಡಿನ ಮಧ್ಯದಿಂದಲೇ ಶುರುವಾಗುತ್ತದೆ. ಅಮ್ಮನ ಭಾಗದಲ್ಲಿ ಪಟ್ಟಿ ಒಂದೇ ಸಲ ಓಡುತ್ತದೆ. ನಿಲ್ಲಿಸಿ ನಿಲ್ಲಿಸಿ ಓದಿದೆ: "ಜಗಳೂರು, ಚಿತ್ರದುರ್ಗ ಜಿಲ್ಲೆ".

ದುರ್ಗದ_ಕೇಬಲ್
ಸಿಕ್ಕಿತಲ್ಲ! ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್‌ನಲ್ಲಿ, ಜಗಳೂರು ಆಗಲೇ ನಿಮ್ಮ ಕಡೆಗೆ ಬಂತು. ಹಳೇ ಜಾಹೀರಾತನ್ನೇ ಕೆಲವು ತಿಂಗಳು ಓಡಿಸಿರಬಹುದು, ಅಷ್ಟು ಬಿಟ್ಟುಕೊಳ್ಳಿ. ಉದಯದ ಮೇಲೆ ರೆಕಾರ್ಡ್ ಆಗಿದೆ ಅಂದರೆ 1994ರ ಜೂನ್ ಆದ ಮೇಲೆ. ಅಲ್ಲಿಗೆ 94ರಿಂದ 97ರ ಒಳಗೆ.

ವಿನೋಬನಗರದ_ಮಗಳು
ನಾನು ಹುಟ್ಟಿದ್ದು 92ರಲ್ಲಿ. ಅಂದರೆ ಅಮ್ಮ ಹಾಡುವಾಗ ನನಗೆ ಎರಡರಿಂದ ಐದು ವರ್ಷ. ಅಪ್ಪನಿಗೆ ಹೇಳಿದೆ, ಈಗ ಇನ್ನೊಂದು ಸಲ ಹಾಕು ಅಂತಿದ್ದಾರೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.