ಓದುಗರ ಸ್ಪಂದನ: ಯಕ್ಷಗಾನ ಬಿಡಿಸಿದ ಮೇಲೆ ಮಗಳು ಮಂಕಾಗಿದ್ದಾಳೆ

ಸಮಸ್ಯೆ: ಹತ್ತನೇ ತರಗತಿ ಎಂದು ಮಗಳ ಯಕ್ಷಗಾನ ತರಬೇತಿಯನ್ನು ಜೂನ್‌ನಲ್ಲಿ ಬಿಡಿಸಿದೆವು. ಈಗ ಕೋಣೆ ಬಿಟ್ಟು ಹೊರಬರುವುದಿಲ್ಲ, ಮಾತನಾಡಿಸಿದರೆ ಸಿಡುಕು, ಅಂಕವೂ ಇಳಿದಿದೆ. ಮತ್ತೆ ಸೇರಿಸಿದರೆ ಸರಿಹೋಗುತ್ತಾಳೆಯೇ?
– ನೊಂದ ತಾಯಿ, ಶಿರಸಿ

ತಾಯೀ, ಹತ್ತನೇ ತರಗತಿ ಬಂತೆಂದರೆ ಮಕ್ಕಳು ಒಬ್ಬೊಬ್ಬರಾಗಿ ತರಬೇತಿ ಬಿಡುವುದು ನಮಗೆ ಹೊಸದಲ್ಲ. ಆದರೆ ಅಲ್ಲಿ ಕಲಿಯುವುದು ಕುಣಿತ ಮಾತ್ರ ಎಂದುಕೊಂಡಿರಾ? ತಿತ್ತಿತೈ ತಾಳಕ್ಕೆ ಹೆಜ್ಜೆ ಹಾಕುವಾಗ ಒಬ್ಬಳ ಕಾಲು ತಪ್ಪಿದರೆ ಪಕ್ಕದವಳು ತನ್ನ ಹೆಜ್ಜೆಯನ್ನು ತುಸು ಒತ್ತಿ ಹಾಕುತ್ತಾಳೆ. ತಪ್ಪಿದವಳು ಅದನ್ನು ಕೇಳಿಸಿಕೊಂಡು ಮರಳಿ ತಾಳಕ್ಕೆ ಬರುತ್ತಾಳೆ. ಅಂಕ ಕಳೆಯುವವರು ಯಾರೂ ಇಲ್ಲ. ಶಾಲೆಯಲ್ಲಿ ಬಾಯಿ ಬಿಡದ ಹುಡುಗಿ ಭೀಮನ ಪಾತ್ರ ಸಿಕ್ಕರೆ ಗುಡುಗುತ್ತಾಳೆ! ವಾರಕ್ಕೊಂದು ಸಂಜೆ ಕಳಿಸಿ, ಸಾಕು. ಈ ವರ್ಷ ಸ್ಪರ್ಧೆ, ಪ್ರದರ್ಶನ ಬೇಡ; ಬಹುಮಾನದ ಹಟ ಹತ್ತಿದರೆ ಅದೂ ಇನ್ನೊಂದು ಪರೀಕ್ಷೆಯೇ.
– ಯಕ್ಷಗಾನ ಗುರು, ಹೊನ್ನಾವರ

ಅಕ್ಕಾ, ಕಲೆಯಿಂದ ಮನಸ್ಸಿಗೆ ಒಳಿತು ಎಂಬುದು ಬರೀ ನಂಬಿಕೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ ಹೀಗೆಯೇ ಹೇಳಿತ್ತು. ಆದರೆ ಎಲ್ಲ ಅಧ್ಯಯನಗಳೂ ಒಂದೇ ತೂಕದವಲ್ಲ. ಮನಸ್ಸು ಹಗುರವಾಗಿರುವ, ಮನೆಯಲ್ಲಿ ಅನುಕೂಲವಿರುವ ಮಕ್ಕಳೇ ಇಂಥ ತರಗತಿಗಳಿಗೆ ಹೆಚ್ಚು ಬರುವುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಸುಲಭವಲ್ಲ. ನಿಮ್ಮ ಮಗಳದ್ದೂ ಅದೇ ಗಂಟು. ತರಬೇತಿ ನಿಂತದ್ದರಿಂದ ಮಂಕಾದಳೋ, ಮೊದಲೇ ಒಳಗೊಳಗೆ ಕುಗ್ಗಿದ್ದವಳನ್ನು ಕುಣಿತ ಎತ್ತಿ ಹಿಡಿದಿತ್ತೋ? ಊಟ, ನಿದ್ದೆ ಕೆಟ್ಟು ಎರಡು ವಾರ ದಾಟಿದ್ದರೆ ವೈದ್ಯರ ಬಳಿ ಕರೆದೊಯ್ಯಿರಿ. ಸಾಯುವ ಮಾತು ಒಮ್ಮೆ ಬಂದಿದ್ದರೂ ಒಂದು ದಿನವೂ ಕಾಯಬೇಡಿ. ಗೆಜ್ಜೆ ಆಮೇಲೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.
– ಶುಶ್ರೂಷಕಿ, ಕಾರವಾರ

ಮತ್ತೆ ಸೇರಿಸಬೇಕೇ ಎಂದು ನಮ್ಮನ್ನು ಕೇಳಿದ್ದೀರಿ, ಅವಳನ್ನು ಕೇಳಿದಿರಾ? ನನ್ನನ್ನೂ ಹೀಗೆಯೇ ಬಿಡಿಸಿದ್ದರು. ಕುಣಿತಕ್ಕಿಂತ ಹೆಚ್ಚು ನೆನಪಾಗುತ್ತಿದ್ದದ್ದು ತರಗತಿ ಮುಗಿದ ಮೇಲೆ ಗೆಳತಿಯರ ಜೊತೆ ಬಸ್ ಕಾಯುತ್ತಿದ್ದ ಹೊತ್ತು. ಅಮ್ಮನಿಗೆ ಅದು ಹೊಳೆಯಲೇ ಇಲ್ಲ, ನಾನೂ ಹೇಳಲಿಲ್ಲ. ಸೇರಿಸುವುದಾದರೆ ‘ಅಂಕ ಬಂದರೆ ಮಾತ್ರ’ ಎಂಬ ಷರತ್ತು ಹಾಕಬೇಡಿ. ಅವಳಿಗೀಗ ಯಕ್ಷಗಾನ ಸಾಕಾಗಿ ಚಿತ್ರ ಬರೆಯುವ ಮನಸ್ಸಾಗಿದ್ದರೆ ಅದಕ್ಕೂ ಹೂಂ ಅನ್ನಿ.
– ಪಿಯುಸಿ ವಿದ್ಯಾರ್ಥಿನಿ, ಅಂಕೋಲಾ